ಎರಡು ಬೆರಳು

ಜೆಪ್ಪುವಿನ ಜಗಲಿಯಲ್ಲಿ ಕರೆಂಟಿಲ್ಲದ ಸಂಜೆ.
ಹಡಗಿನಿಂದಿಳಿದು ಬಂದ ವಲೇರಿಯನ್ ಮುಚ್ಚಳ ತಿರುವಿದ,
ಸ್ಟೀಲ್ ಲೋಟಕ್ಕೆ ಎರಡು ಬೆರಳು.
"ಮೊದಲು ಮೂಸು, ಸೆವ್ರಿನ್ ಮಾವ್ಶಿ. ಗುಟುಕು ಆಮೇಲೆ."

ಜೇನು ಅಂದೆ ನಾನು. ಅವನು ಪೇರ್ ಹಣ್ಣು ಅಂದ.
ಅವಳು ಏನೂ ಅನ್ನಲಿಲ್ಲ;
ನಾಲಗೆಯ ಮೇಲಿಟ್ಟುಕೊಂಡಳು
ಪರಮಪ್ರಸಾದದ ಹಾಗೆ, ಹಲ್ಲು ತಾಗಿಸದೆ.

ಆಮೇಲೆ: "ಹಸಿ ಸೌದೆ.
ಆಚೆಮನೆಯವರು ಬಚ್ಚಲೊಲೆ ಹಚ್ಚಿದ್ದಾರೆ,
ನಮ್ಮ ಒಗೆದ ಬಟ್ಟೆಗೆ ಹತ್ತಿದೆ.
ಅಷ್ಟೇ."

ವಲೇರಿಯನ್ ನಕ್ಕ. ಸೌದೆಯಲ್ಲ, ಮಣ್ಣು;
ಜವುಗಿನಿಂದ ಅಗೆದು, ಒಣಗಿಸಿ,
ಬಾರ್ಲಿಯ ಅಡಿಗೆ ಉರಿಸುತ್ತಾರೆ,
ಇದಕ್ಕೆ ಕೊಂಚವೇ, ಇದ್ದೂ ಇಲ್ಲದಷ್ಟು.

"ಮಣ್ಣು ಸುಟ್ಟರೆ ಹಂಚಾಗುವುದಲ್ಲವಾ ಮಾರಾಯ?"
ಹದಿನೇಳು ವರ್ಷ ಗೂಡಿನ ಬಾಯಿಂದ
ಬಿಸಿ ಹಂಚು ಹೊತ್ತ ತಲೆ ಅದು,
ನಡುನೆತ್ತಿಯಲ್ಲಿ ಇನ್ನೂ ಕೂದಲಿಲ್ಲ.

ಲೋಟ ಮುಂದೆ ಚಾಚಿದಳು.
"ಇನ್ನೊಂದು ಬೆರಳು. ನೀರು ಬೇಡ.
ನನ್ನ ಸೀರೆಗೂ ಇದೇ ವಾಸನೆ ಇತ್ತು,
ಬಸ್ಸಿನಲ್ಲಿ ಯಾರೂ ಪಕ್ಕ ಕೂರುತ್ತಿರಲಿಲ್ಲ."

ಕರೆಂಟು ಬಂತು.
ಬಾಟಲಿ ಎತ್ತಿ ಬೆಳಕಿಗೆ ಹಿಡಿದು
ಎಷ್ಟು ಕೊಟ್ಟೆ ಇದಕ್ಕೆ, ಅಂತ ಕೇಳಿದಳು.
ವಲೇರಿಯನ್ ಸುಳ್ಳು ಹೇಳಿದ.