ಕಾಲಂ ಹದಿನೇಳು

ಬೆಳಗಾವಿ ಕೋರ್ಟಿನೆದುರು ನನ್ನದೊಂದು ಡಬ್ಬಿ ಅಂಗಡಿ.
ಝೆರಾಕ್ಸು, ಪಹಣಿ, ಪಾಸ್‌ಪೋರ್ಟು, ಆಧಾರದ ತಿದ್ದುಪಡಿ.
ಸಾಂಬ್ರಾದಿಂದ ಎಂಟೂಕಾಲರ ಬಸ್ಸಿಗೆ ಬಂದು
ಶಟರ್ ಏರಿಸುವ ಮೊದಲೇ ಕಟ್ಟೆಯ ಮೇಲೆ ಕೂತಿದ್ದರು
ಸಾತೇರಿ ಕಾಕಾ, ಪಿಂಚಣಿಯ ನಾಯಕ್,
ತೊಡೆಯ ಮೇಲೊಂದು ಪ್ಲಾಸ್ಟಿಕ್ ಚೀಲ.

"ಬಾಂಗ್ಲಾದೇಶಕ್ಕ ಹೋಗೂದೈತವಾ. ಟೂರಿಸ್ಟ್."

ನೋಡಾಕ ಅಲ್ಲೇನೈತಿ ಅಂತ ನಾನು ಕೇಳಲಿಲ್ಲ.
ಕೇಳಲು ಫಾರ್ಮು ಇದೆ, ಅದು ಯಾರನ್ನೂ ಬಿಡುವುದಿಲ್ಲ.

ತಂದೆಯ ಹೆಸರು. ತಂದೆ ಹುಟ್ಟಿದ ಊರು.
ಮೈಮೇಲೆ ಕಾಣುವ ಗುರುತು:
ಪಾಯಿಜಾಮ ಮೇಲೆತ್ತಿದರು. ಮೀನಖಂಡದಲ್ಲಿ
ಹುಣಸೆಬೀಜದಷ್ಟು ನುಣ್ಣನೆಯ ತಗ್ಗು.
ಸೈನ್ಯದಲ್ಲಿದ್ದಿರಾ? ಹೌದು. ಹುದ್ದೆ, ಅವಧಿ, ರೆಜಿಮೆಂಟು.
ಬರೆದಷ್ಟೂ ಚೌಕ ಸಣ್ಣದಾಗುತ್ತಿತ್ತು.

ಕಾಲಂ ಹದಿನೇಳು:
ಈ ದೇಶಕ್ಕೆ ಹಿಂದೆ ಎಂದಾದರೂ ಭೇಟಿ ಕೊಟ್ಟಿದ್ದೀರಾ?
ಕೊಟ್ಟಿದ್ದರೆ ವೀಸಾ ಸಂಖ್ಯೆ, ಪ್ರವೇಶಿಸಿದ ಸ್ಥಳ.

ಕಾಕಾ ನಕ್ಕರು, ಮೇಲಿನ ಎರಡು ಹಲ್ಲಿಲ್ಲದ ನಗೆ.
"ಕೊಟ್ಟೇನಿ. ಡಿಸೆಂಬರ್, ಎಪ್ಪತ್ತೊಂದು.
ರಾತ್ರಿ ಹೊಳಿ ದಾಟಿದ್ವಿ, ಎದಿಮಟ ನೀರು,
ಬಂದೂಕು ತಲಿ ಮ್ಯಾಲ.
ದೇಶಾನ ಇನ್ನೂ ಹೆರಿಗಿ ಮನ್ಯಾಗಿತ್ತವಾ,
ವೀಸಾ ಕೊಡಾವ್ರು ಯಾರು?"

ಕೆಂಪು ಚುಕ್ಕೆಯ ಕಾಲಂ. ಖಾಲಿ ಬಿಟ್ಟರೆ ಮುಂದಿನ ಪುಟ ತೆರೆಯದು.
"ಇಲ್ಲ ಅಂತ ಬರೀಲಿ?"
"ಸುಳ್ಳ ಬರೀಬ್ಯಾಡ."

ಆಮೇಲೆ ಚೀಲ ಬಿಚ್ಚಿದರು.
ಕೌದಿ. ನಮ್ಮದೇ ಕೌದಿ ಅನ್ನಬೇಕು,
ಹಳೆ ಸೀರೆಯ ಪದರು, ಇರುವೆ ಸಾಲಿನ ಹೊಲಿಗೆ.
ಅಂಚಿಗೆ ಮಾತ್ರ ನಮ್ಮವರು ಹಾಕದ ಒಂದು ದೋಣಿ, ಮೂರು ಮೀನು.
ಮೂಲೆಯಲ್ಲಿ ಕಂದು ಕಲೆ, ಐವತ್ತು ವರ್ಷ ಒಗೆದರೂ ಹೋಗದ್ದು.

ಗುಂಡು ಬಿದ್ದ ರಾತ್ರಿ ಯಾರದೋ ದನದ ಕೊಟ್ಟಿಗೆ.
ಹೊದಿಸಿದವಳ ಮುಖ ಕಾಣಲಿಲ್ಲವಂತೆ, ಬಳೆಯ ಸಪ್ಪಳ ಅಷ್ಟೆ.
ಬೆಳಗಿಗೆ ಸ್ಟ್ರೆಚರಿನ ಜೊತೆ ಕೌದಿಯೂ ಬಂತು.
"ಥಂಡಿ ದಿನ. ಆ ಮನ್ಯಾಗ ಇದ್ದದ್ದು ಅದೊಂದ ಇರಬೇಕು.
ಆಕಿ ಕೊಟ್ಟದ್ದಲ್ಲ ನೋಡು, ನಾ ಒಯ್ದದ್ದು."

ಆ ದೇಶದಲ್ಲಿ ಪರಿಚಿತರು ಇಬ್ಬರು, ವಿಳಾಸ ಸಮೇತ.
ಊರ ಹೆಸರು ಅವರ ಬಾಯಲ್ಲಿ ಒಂದೊಂದು ಸಲ ಒಂದೊಂದು.
ಪ್ರವಾಸದ ಉದ್ದೇಶ: ವಿಹಾರ, ವ್ಯಾಪಾರ, ಬಂಧುಗಳ ಭೇಟಿ.
ವಾಪಸ್ ಕೊಡುವುದು ಪಟ್ಟಿಯಲ್ಲಿಲ್ಲ.
ವಿಹಾರ ಒತ್ತಿದೆ.
ಎಷ್ಟು ದಿನ ಉಳಿಯುವಿರಿ?
"ಒಂದ್ ಮಧ್ಯಾಹ್ನ ಸಾಕು."
ಒಂದು ದಿನಕ್ಕಿಂತ ಕಡಿಮೆಗೆ ಅದು ಒಪ್ಪಲಿಲ್ಲ.

ಮರುವಾರ ಪುಟದ ನೆತ್ತಿಯ ಮೇಲೆ ಒಂದು ಸಾಲು ಓಡತೊಡಗಿತು:
ಪ್ರವಾಸಿ ವೀಸಾ ಮುಂದಿನ ಸೂಚನೆಯವರೆಗೆ ಇಲ್ಲ.
ಚಹಾದಂಗಡಿಯ ಟಿವಿಯಲ್ಲಿ ಇಲ್ಲಿಯವರು ಅಲ್ಲಿಯವರನ್ನು,
ಅಲ್ಲಿಯವರು ಇಲ್ಲಿಯವರನ್ನು ಬೈಯುತ್ತಿದ್ದರು.
ಓದಿ ಹೇಳಿದೆ. ಕಾಕಾ ತಲೆ ಕೆಡಿಸಿಕೊಳ್ಳಲಿಲ್ಲ.
"ಯಾರರೆ ಬೋರ್ಡಿಗೆ ಮಸಿ ಬಳದ್ರ ನಮ್ಮ ಕೊಲ್ಲಾಪುರ ಬಸ್ಸೂ
ನಿಪ್ಪಾಣಿಗೆ ನಿಂದ್ರೂದಿಲ್ಲೇನು?
ನಾಕ್ ದಿನಕ್ಕ ಮತ್ತ ಬಿಡ್ತಾರ."

ಅವರಿಗೆ ಎಪ್ಪತ್ತೈದು. ಅವಳಿದ್ದರೆ ಎಷ್ಟೋ.

ಉಳಿಸಿಟ್ಟ ಅರ್ಜಿ ಮೂವತ್ತು ದಿನಕ್ಕೆ ತಾನೇ ಅಳಿಯುತ್ತದೆ.
ಪಿಂಚಣಿ ಬಂದ ಮಾರನೇ ದಿನ ಅವರು ಬರುತ್ತಾರೆ,
ಮೊದಲಿನಿಂದ ತುಂಬುತ್ತೇನೆ. ಹೆಸರು, ತಂದೆ, ತಗ್ಗು.
ದುಡ್ಡು ಬೇಡವೆಂದರೆ ಗಲ್ಲಾದ ಪಕ್ಕ
ಮಣ್ಣು ಮೆತ್ತಿದ ನಾಲ್ಕು ಗೆಣಸು.
ಕೌದಿಯ ಅಂಚು ಬಿಚ್ಚಿದೆ. ಹೆಂಡತಿ ಸೂಜಿ ತಂದರೆ ತಡೆದರಂತೆ:
"ಬ್ಯಾಡ. ಆಕಿ ಹೊಲಿಗಿ ಆಕಿಗೆ ಗುರ್ತ ಸಿಗಬೇಕು."

ಕಾಲಂ ಹದಿನೇಳರಲ್ಲಿ ಈಗ ಕೇಳದೆಯೇ ಹೌದು ಒತ್ತುತ್ತೇನೆ.
ವೀಸಾ ಸಂಖ್ಯೆಗೆ ಆರು ಸೊನ್ನೆ ಹೊಡೆದರೆ ಬಿಡುತ್ತದೆ.
ಪ್ರವೇಶಿಸಿದ ಸ್ಥಳ: ಹೊಳೆ.