ಮೌನೇಶಪ್ಪನ ತಕರಾರು

ರಾಯಚೂರಿನ ತೀನ್ ಕಂದೀಲ್ ಹಿಂದಿನ ಸಂದಿಯಲ್ಲಿ
ಪಾತ್ರೆ ಅಂಗಡಿಯ ಕಟ್ಟೆಯ ಮೇಲೆ
ಹೆಸರು ಕೊರೆಯುತ್ತ ಕೂತಿರುತ್ತಾನೆ ಮೌನೇಶಪ್ಪ.
ಟಿಕ್ ಟಿಕ್ ಟಿಕ್.
ಸ್ಟೀಲಿನ ಡಬರಿ, ತಾಮ್ರದ ಕೊಡ,
ಇವರಿಂದ ಅವರಿಗೆ, ಇಂಥ ತಾರೀಖು.

ಡ್ರಾಯಿಂಗ್ ಮಾಸ್ತರ ನಾನು. ಒಂದು ಮಧ್ಯಾಹ್ನ
ಅವನ ತೊಡೆಯ ಮೇಲೆ ಹಾಳೆ ಬಿಚ್ಚಿದೆ.
ಇಟಲಿಯದು, ಐನೂರು ವರ್ಷದ ಹಿಂದಿನ ತಗಡಿನ ಅಚ್ಚು:
ಹತ್ತು ಮಂದಿ ಬೆತ್ತಲೆ ಗಂಡಸರು, ಕತ್ತಿ, ಕೊಡಲಿ, ಬಿಲ್ಲು,
ಹಿಂದೆ ಆಳೆತ್ತರದ ಬೆಳೆ,
ನಮ್ಮ ಬಿಳಿಜೋಳವೇ ಅನ್ನಬೇಕು.

ಪಾಠ ಶುರುಮಾಡಿದೆ:
ಅಲ್ಲಿ ಆಗ ಮಣ್ಣು ಅಗೆದು
ಹಳೆಯ ಅಮೃತಶಿಲೆಯ ಮೈಗಳನ್ನು ಎಬ್ಬಿಸುತ್ತಿದ್ದರು,
ಮೈಯೆಂದರೆ ಬರೀ ಪಾಪದ ಮೂಟೆಯಲ್ಲ ಎನ್ನಲು
ಆಗಷ್ಟೇ ಧೈರ್ಯ ಬಂದಿತ್ತು,
ಹೆಣದ ಚರ್ಮ ಸರಿಸಿ ಸ್ನಾಯು ಎಣಿಸುವವರೂ ಇದ್ದರು...

'ತಡೀರಿ ಮಾಸ್ತರ. ಇಂವ ಅಕ್ಕಸಾಲಿ.'
'ಹೆಂಗ ಗೊತ್ತಾತು?'
'ಗೆರಿ ನೋಡ್ರಿ. ಹೋಗಾಗ ದಪ್ಪ, ಹೊಳ್ಳಿ ಬರಾಗ ಸಣ್ಣ,
ಉಳಿ ಎತ್ತೇ ಇಲ್ಲ.
ಬಂಗಾರದ ಪುಡಿ ಚೆಲ್ಲಬಾರದಂತ ಕಲ್ತ ಕೈ ಇದು.'

ಸ್ವಲ್ಪ ಹೊತ್ತು ಸುಮ್ಮನಿದ್ದ.
'ಇವ್ರಿಗೆ ಲಂಗೋಟಿ ಯಾಕಿಲ್ಲ?'
ಗ್ರೀಕರ ಕಥೆ ಹೇಳಿದೆ. ಒಪ್ಪಲಿಲ್ಲ.
'ಲಂಗೋಟಿ ಇಲ್ದ ಮಣ್ಣಿಗೆ ಕೈ ಮುಗಿಯೂದು ಹೆಂಗ?'

ಆಮೇಲೆ ಬೆರಳು ಹಾಳೆಯ ಮೇಲೆ ಓಡಿತು.
'ಹೊಡಿಯೋ ತೋಳು ಬಿಗಿ, ಸುಮ್ನಿರೋ ತೊಡಿನೂ ಬಿಗಿ,
ಬಿದ್ದಾವನ ಹೊಟ್ಟಿ ಸೈತ ಬಿಗಿ!
ಇವ ಕುಸ್ತಿ ನೋಡ್ಯಾನ, ಆಡಿಲ್ಲ.
ನಮ್ಮ ಗರಡ್ಯಾಗ ಹಿಂಗ ನಿಂತ್ರ ಎರಡು ಉಸಿರಿಗೆ ಚಿತ್.'

ಕೋಟೆಯ ಬಗಲಿಗಿದ್ದ ಗರಡಿ.
ಅರಿಶಿನ, ಮಜ್ಜಿಗೆ ಕಲಸಿದ ಕೆಮ್ಮಣ್ಣು.
ಈಗಲ್ಲಿ ಟೈರ್ ಗೋಡೌನು.
ಶಂಶಾಲಂ ಅಂತ ಒಬ್ಬನಿದ್ದ,
ಗಂಜಿನಲ್ಲಿ ಹತ್ತಿಯ ಅಂಡಿಗೆ ಹೊರುವವ.
'ಹಿಡಿದ್ರ ಮೈನೇ ಸಿಗ್ತಿದ್ದಿಲ್ಲ, ನೀರು.
ಒಂದು ಹೆಗಲು ಸಡ್ಲ ಬಿಡ್ತಿದ್ದ,
ಅಲ್ಲಿ ನುಗ್ಗಿದ್ರ ಆಕಾಶ ತೋರಸ್ತಿದ್ದ.
ಹನ್ನೊಂದು ಸಲ.
ಹನ್ನೊಂದೂ ಆಕಾಶ ನೆನಪದಾವ್ರಿ,
ಒಂದರಾಗ ಗಿಣಿ ಹಿಂಡು.'

ಎಡಗಡೆ, ಗಿಡಕ್ಕೆ ತೂಗುಬಿಟ್ಟ ಹಲಗೆಯಲ್ಲಿ
ಕೊರೆದವನ ಹೆಸರಿತ್ತು. ತೋರಿಸಿದೆ.
ನಕ್ಕ. ನಲವತ್ತು ವರ್ಷದಲ್ಲಿ
ಎಷ್ಟು ಸಾವಿರ ಹೆಸರು, ತನ್ನದೊಂದಿಲ್ಲ.
'ಇರ್ಲಿ, ಹಾಳಿ ಇಟ್ಟು ಹೋಗ್ರಿ.'

ಉಗಾದಿ ದಾಟಿದ ಮೇಲೆ ಕರೆದ.
ಹಳೆಯ ತಾಮ್ರದ ತಂಬಿಗೆ, ಬೋರಲು ಹಿಡಿದಿದ್ದ.
ತಳದಲ್ಲೊಂದು ಬೆನ್ನು.
ಗೆರೆ ಏಳೋ ಎಂಟೋ. ಎಲ್ಲೂ ಬಿಗಿಯಿಲ್ಲ,
ಎಡ ಹೆಗಲು ಮಾತ್ರ ತುಸು ಇಳಿದು
ಬಾ ಅನ್ನುವ ಹಾಗೆ.

'ಹೋಗಿ ಆರು ವರ್ಷಾತು,' ಅಂದ.
ಗಲ್ಲಾದಿಂದ ಸಾಹುಕಾರ ಕೂಗಿದ:
ಎರಡು ಡಜನ್ ಸೌಟು, ಸಂಜೆಯೊಳಗೆ.
ಮೌನೇಶಪ್ಪ ತಂಬಿಗೆಯನ್ನು ನೆಟ್ಟಗೆ ತಿರುಗಿಸಿ
ಕಟ್ಟೆಯ ಮೇಲೆ ಮೆಲ್ಲಗಿಟ್ಟ.
ಶಂಶಾಲಂನ ಬೆನ್ನು
ಮೊದಲ ಸಲ ನೆಲಕ್ಕೆ ತಾಗಿತು.