ಫೌಂಡೇಶನ್ ರಬ್ಬರು

ಫೌಂಡೇಶನ್ ಹೋಗೈತಿ, ಅಂದೆ.
ಯಾರ ಮನೀದು? ಅಂದಳು ಎರ್ರೆಮ್ಮ,
ಜೀನ್ಸ್ ಪ್ಯಾಂಟಿನ ಗಂಟಿನ ಮೇಲೆ ಕೂತು.
ಕೌಲ್ ಬಜಾರಿನ ಗ್ಯಾರೇಜುಗಳ ಭಾಷೆಯೇ ಹೀಗೆ:
ಇಂಜಿನ್ನಿಗೂ ಒಂದು ಅಡಿಪಾಯ,
ಕಲ್ಲಿನದಲ್ಲ, ರಬ್ಬರಿನದು,
ಮೂರು ಮುಷ್ಟಿಯಷ್ಟು.

ಬಾನೆಟ್ ಎತ್ತಿ ಚಾಲೂ ಮಾಡಿಸಿದೆ.
ಕೆರೆಯಿಂದೆದ್ದ ಎಮ್ಮೆಯ ಹಾಗೆ
ಮೈ ಕೊಡವಿತು ಇಂಡಿಕಾ.
ಗೇರ್ ಹಾಕಿದರೆ ಠಣ್.
ಕ್ಲಚ್ ಬಿಟ್ಟರೆ ಇಡೀ ಇಂಜಿನ್ನು
ಒಂದು ಕಡೆ ವಾಲಿ, ತಡೆದು,
ಉಸ್ಸಂತ ಕೂತಿತು.
ಜಾಕ್ ಕೊಟ್ಟು ಬಿಚ್ಚಿದೆ.
ಎಣ್ಣೆ ಕುಡಿದು ಉಬ್ಬಿದ ರಬ್ಬರು,
ಹಿಚುಕಿದರೆ ಹುಣಸೆಹಣ್ಣು, ನಡುವೆ ಬಿರುಕು,
ಒಂದು ಲಕ್ಷ ಎಂಬತ್ತು ಸಾವಿರ ಕಿಲೋಮೀಟರಿನ ನಡುಕ
ಯಾರಿಗೂ ಹೇಳದೆ ನುಂಗಿದ್ದು.

ಕಂಪನೀದೇ ಹಾಕ್ತೀನಿ, ಮೆತ್ತಗಿರತೈತಿ,
ಕುಂತೋರಿಗೆ ಗೊತ್ತೇ ಆಗಲ್ಲ, ಅಂದೆ.
ಗಾದಿಲಿಂಗಪ್ಪ ನನ್ನ ತುಟಿಯನ್ನೇ ನೋಡುತ್ತಿದ್ದ.
ಸಂಡೂರಿನ ಗುಡ್ಡದಲ್ಲಿ ಹನ್ನೊಂದು ವರ್ಷ
ಡ್ರಿಲ್ ಹಿಡಿದ ಮನುಷ್ಯ.
ಕೆಂಪು ಧೂಳು ತೊಳೆದರೆ ಹೋಯಿತು.
ಸದ್ದು ಹೋಗುವಾಗ
ಕಿವಿಯನ್ನೂ ಒಯ್ದಿತು.

ಮೆತ್ತಂದು ಬ್ಯಾಡ. ಗಟ್ಟೀದು ಹಾಕು.
ಎರಡು ಸಲ ಅಂದ,
ಬೀದಿಗೆಲ್ಲ ಕೇಳುವಷ್ಟು ಜೋರಾಗಿ.
ಗಟ್ಟೀದು ಹಾಕಿದರ ನಡುಕೆಲ್ಲ ಮ್ಯಾಲೆ ಬರತೈತಿ,
ಕನ್ನಡಿ ಅದರತೈತಿ, ಹಲ್ಲು ಕಟಕಟ ಅಂತಾವ,
ಹೇಳುತ್ತ ಕೈ ನಡುಗಿಸಿ ತೋರಿಸಿದೆ.
ನಡುಗುವ ಆ ಕೈಯನ್ನು
ಎರಡೂ ಅಂಗೈಯಲ್ಲಿ ಹಿಡಿದುಕೊಂಡ.
ಇದೇ, ಅಂದ.
ಇದೇ ಬೇಕು.

ಲೇತ್ ಮಿಷಿನ್ನಿನ ದಾದಾಪೀರ್
ಕಿಲೋ ಲೆಕ್ಕದಲ್ಲಿ ಗುಜರಿಗೆ ತಂದ
ಕನ್ವೇಯರ್ ಬೆಲ್ಟಿನ ತುಂಡು ಕೊಯ್ದ.
ಒಳಗೆ ನೂಲಿನ ಪದರ, ಚಾಕು ಎರಡು ಸಲ ಮೊಂಡಾಯಿತು.
ಪದರದ ಸಂದಿಯಲ್ಲಿ ಇನ್ನೂ ಅದಿರಿನ ಕೆಂಪು.
ಗಾದಿಲಿಂಗಪ್ಪ ಅದನ್ನು ಮೂಗಿಗೆ ಹಿಡಿದು,
ನಮ್ಮ ಗಣೀದಾ? ಅಂದ.
ಯಾವ ಗಣೀದೋ, ದಾದಾಪೀರ್‌ಗೆ ಗೊತ್ತಿಲ್ಲ.
ಅಷ್ಟರಲ್ಲಿ ಲೇತು ತಿರುಗತೊಡಗಿತ್ತು.

ಸಂಜೆ ರೂಪನಗುಡಿ ರಸ್ತೆಗೆ ಟ್ರಯಲ್ ಹೋದೆವು.
ಗೇರು ಬೆಣ್ಣೆಯಲ್ಲಿ ಚಾಕು ಇಳಿದಂತೆ ಬಿತ್ತು,
ಇದೊಂದು ನನ್ನ ಹೆಮ್ಮೆ.
ಉಳಿದದ್ದೆಲ್ಲ ನಡುಕ.
ಕನ್ನಡಿಯಲ್ಲಿ ಹಿಂದಿನ ಲಾರಿ ಮೂರಾಗಿ ಕಂಡಿತು.
ಬಾಗಿಲಿನ ಪಾಕೀಟಿನಲ್ಲಿದ್ದ ಚಿಲ್ಲರೆ
ತನ್ನನ್ನು ತಾನೇ ಎಣಿಸಿಕೊಳ್ಳುತ್ತಿತ್ತು.
ಎರ್ರೆಮ್ಮ ಹಿಂದಿನಿಂದ ಬೈದಳು:
ಬೆನ್ನಾಗ ಹೊಲಿಗಿ ಮಿಷನ್ ಓಡಿದಂಗಾಗತೈತಿ,
ಮನ್ಯಾಗ ಒಂದೈತಲ್ಲ, ಅದು ಸಾಲದಾ?
ಅವನಿಗೆ ಕೇಳಿಸಲಿಲ್ಲ.
ಸ್ಟೇರಿಂಗಿನ ಮೇಲೆ ಎರಡೂ ಅಂಗೈ,
ಸೀಟಿಗೆ ಒತ್ತಿದ ಬೆನ್ನು, ರಸ್ತೆಯ ಮೇಲೆ ಕಣ್ಣು,
ಬಹಳ ದಿನದ ಮೇಲೆ ಸಿಕ್ಕವನ ಮಾತಿಗೆ
ಹೂಂಗುಟ್ಟುವವನಂತೆ ತಲೆ ತೂಗುತ್ತಿದ್ದ.

ಗುಡಿಯ ತಿರುವಿನಲ್ಲಿ ಗಕ್ಕನೆ ನಿಲ್ಲಿಸಿದ.
ನಾಕರಾಗ ಒಂದು ತಪ್ಪತೈತಿ.
ಇಲ್ಲಪಾ, ಅಂದೆ.
ಕೈ ಇಟ್ಟು ನೋಡು, ಅಂದ.
ಇಟ್ಟೆ. ನನಗೆ ನಡುಕ ಬರೀ ನಡುಕ.
ಬಾನೆಟ್ ಎತ್ತಿ ಟಾರ್ಚ್ ಬಿಟ್ಟೆ:
ಮೂರನೇ ಇಂಜೆಕ್ಟರಿನ ಪೈಪಿನ ನಟ್ಟು
ಅರೆಸುತ್ತು ಸಡಿಲ, ಡೀಸೆಲಿನ ಒಂದು ಹನಿ
ಬೀಳಲೋ ಬೇಡವೋ ಎಂಬಂತೆ.
ಹದಿನೇಳರ ಸ್ಪ್ಯಾನರಿಗಾಗಿ ತಡಕಾಡುತ್ತ
ಇಪ್ಪತ್ತು ವರ್ಷದ ನನ್ನ ಕಿವಿಗಳ ಬಗ್ಗೆ
ಏನೂ ಹೇಳಲಿಲ್ಲ ನಾನು.

ಆರುನೂರು ಎಣಿಸಿ ಕೊಟ್ಟ.
ಎರ್ರೆಮ್ಮ ಇಳಿದು, ಸೊಂಟ ನೀವಿ,
ಕಸದ ಬುಟ್ಟಿಯಿಂದ ಹಳೆಯ ರಬ್ಬರು ಆರಿಸಿಕೊಂಡಳು.
ಸೋಪು ಹಾಕಿ ತಿಕ್ಕಿದರ ಎಣ್ಣಿ ಹೋಗತೈತಲ್ಲ?
ಹೊಲಿಗಿ ಮಿಷನ್ನಿನ ಕಾಲಿಗಿಡ್ತೀನಿ,
ನೆಲ ಅದರತೈತಂತ ಕೆಳಗಿನ ಮನಿಯಾಕಿ ದಿನಾ ಜಗಳ.
ನಾಕು ಕಾಲಿಗೆ ಮೂರೇ ಅದಾವಲ್ಲಮ್ಮ, ಅಂದೆ.
ಸೆರಗಿಗೆ ತಾಗದಂತೆ ದೂರ ಹಿಡಿದುಕೊಂಡು
ಇರಲಿ ಬಿಡು, ಅಂದಳು,
ಇನ್ನೊಂದಕ್ಕ ಏನಾರ ಮಡಚಿ ಇಡ್ತೀನಿ.